ಯೆಜ್ಡಿಯ ಜೋಡಿ ಸೈಲೆನ್ಸರುಗಳು

ನನ್ನ ತಂದೆಯವರು ಹೊಳೆನರಸೀಪುರದಲ್ಲಿ ಉಪಾಧ್ಯಾಯರಾಗಿದ್ದಾಗ, ಎರಡು ವರ್ಷ ಕೂಡಿಟ್ಟ ಹಣದಿಂದ 1976ರಲ್ಲಿ ಮೈಸೂರಿನಲ್ಲಿ ಕೊಂಡು, ತಾವೇ ಓಡಿಸಿಕೊಂಡು ತಂದ ಯೆಜ್ಡಿ ಬೈಕು ಇಂದಿಗೂ ನಮ್ಮ ಮನೆಯಲ್ಲಿದೆ. ಜೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ವಿನ್ಯಾಸವನ್ನು ಅನುಸರಿಸಿ ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಎಂಬ ಹೆಸರಿನಲ್ಲಿಯೂ, 1973ರಿಂದೀಚೆಗೆ ಯೆಜ್ಡಿ ಎಂಬ ಹೆಸರಿನಲ್ಲಿಯೂ ತಯಾರಾಗುತ್ತಿದ್ದ ಈ ವಾಹನವು, ಹಾಸನದ ಆಲೂಗಡ್ಡೆ ವರ್ತಕರು ಮೊದಲ್ಗೊಂಡು ಅರಕಲಗೂಡಿನ ಹೊಗೆಸೊಪ್ಪಿನ ಬೆಳೆಗಾರರು, ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿಗಳು, ಹೀಗೆ ನಮ್ಮ ಜಿಲ್ಲೆಯ ಅದೆಷ್ಟೋ ಸಂಸಾರಗಳ ಭಾರವನ್ನು ಹೊತ್ತಿದೆ. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಅಲ್ಲಿಂದ ಮುಂದೆ ಇದನ್ನು ಉಳಿಸಿಕೊಂಡವರಿಗೆ ಒಂದೊಂದು ಬಿಡಿಭಾಗವೂ ಒಂದೊಂದು ಚಿಂತೆಯಾಯಿತು. ಅವುಗಳಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ದಣಿಸಿದ್ದೂ, ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದೂ ಸೈಲೆನ್ಸರು.

ಯೆಜ್ಡಿಗೆ ಇರುವುದು ಒಂದೇ ಸಿಲಿಂಡರು. ಆದರೂ ಅದರಿಂದ ಎರಡು ಬೆಂಡ್ ಪೈಪುಗಳು ಹೊರಟು, ಕೆಳಕ್ಕೆ ಬಾಗಿ, ಹಿಂದಿನ ಚಕ್ರದ ಎಡಬಲಗಳಲ್ಲಿ ಎರಡು ಉದ್ದನೆಯ ಸೈಲೆನ್ಸರುಗಳಾಗಿ ಮುಗಿಯುತ್ತವೆ. ಟೂ ಸ್ಟ್ರೋಕ್ ಯಂತ್ರವಾದುದರಿಂದ ಪೆಟ್ರೋಲಿನಲ್ಲಿಯೇ ಆಯಿಲ್ ಬೆರೆಸಬೇಕು. ತಂದೆಯವರು ಲೀಟರಿಗೆ 40 ಮಿ.ಲೀ.ನಂತೆ ಅಳೆದು ಹಾಕುತ್ತಿದ್ದರು. ಹೀಗೆ ಬೆರೆತ ಆಯಿಲ್ ಪೂರ್ತಿಯಾಗಿ ಉರಿಯದೆ, ಕಪ್ಪು ಅಂಟಾಗಿ ಸೈಲೆನ್ಸರಿನ ಒಡಲಲ್ಲಿ ಸಂಚಯವಾಗಿ, ವರ್ಷಗಳುರುಳಿದಂತೆ ಕಲ್ಲಿನಂತೆ ಗಟ್ಟಿಯಾಗುವುದು. 2004ರ ವೇಳೆಗೆ ನಮ್ಮ ಗಾಡಿಯ ಎರಡೂ ಸೈಲೆನ್ಸರುಗಳು ಕಟ್ಟಿಕೊಂಡು, ಹೊರಗಿನ ಕ್ರೋಮು ಪದರ ಪದರವಾಗಿ ಎದ್ದು, ಗಾಡಿ ಐವತ್ತರ ವೇಗಕ್ಕೆ ಏರುವುದಕ್ಕೂ ಪ್ರಯಾಸಪಡುತ್ತಿತ್ತು.

ಆ ಸಮಯದಲ್ಲಿ ದೊಡ್ಡ ಊರಿನ ಅಂಗಡಿಯೊಂದರಲ್ಲಿ ಸೈಲೆನ್ಸರಿನ ಬದಲಿಗೆ ಹಾಕುವ ಒಂದು ಜೊತೆ ಚೇಂಬರ್ ಪೈಪುಗಳನ್ನು ಕಂಡೆನು. ಕತ್ತಿನಲ್ಲಿ ಸಣ್ಣಗೆ, ನಡುವೆ ಬಸುರಿನಂತೆ ಉಬ್ಬಿ, ತುದಿಯಲ್ಲಿ ಮತ್ತೆ ಸಪೂರವಾದ ಅವು ಮೂಲ ಸೈಲೆನ್ಸರಿನ ಅರ್ಧದಷ್ಟೂ ಭಾರವಿರಲಿಲ್ಲ. ಅಂಗಡಿಯವನು ಪಿಕಪ್ ಹೆಚ್ಚುವುದೆಂದನು, ನಾನು ನಂಬಿದೆನು. ಹಳೆಯವನ್ನು ಅಟ್ಟಕ್ಕೇರಿಸಿ ಹೊಸವನ್ನು ತೊಡಿಸಿದ ದಿನ ಗಾಡಿಯ ಧ್ವನಿಯೇ ಬೇರೆಯಾಗಿ, ತೆರೆದ ರಸ್ತೆಯಲ್ಲಿ ಅದು ಮುನ್ನುಗ್ಗಿದ ಪರಿಯನ್ನು ನೋಡಿ, ಇಷ್ಟು ವರ್ಷ ಈ ಶಕ್ತಿಯನ್ನು ಯಾರು ಹಿಡಿದಿಟ್ಟಿದ್ದರೋ ಎಂದು ಆಶ್ಚರ್ಯಪಟ್ಟೆನು.

ಆ ಆಶ್ಚರ್ಯ ಹದಿನಾರನೆಯ ದಿನ ಕೊನೆಗೊಂಡಿತು. ಹಾಸನದಿಂದ ಚನ್ನರಾಯಪಟ್ಟಣದ ಕಡೆಗೆ ಹೊರಟು, ಶಾಂತಿಗ್ರಾಮವನ್ನು ದಾಟಿ, ನೇರವಾದ ಹೆದ್ದಾರಿಯಲ್ಲಿ ಒಂದೇ ಹದದಲ್ಲಿ ಆಕ್ಸಿಲರೇಟರು ಹಿಡಿದು ಹೋಗುತ್ತಿರುವಾಗ, ಯಂತ್ರದ ದನಿ ಒಮ್ಮೆ ತೆಳ್ಳಗಾಗಿ, ಮರುಕ್ಷಣದಲ್ಲಿ ಹಿಂದಿನ ಚಕ್ರ ಕಟ್ಟಿಹಾಕಿದಂತೆ ನಿಂತು, ಗಾಡಿ ರಸ್ತೆಯ ಮೇಲೆ ಉಜ್ಜಿಕೊಂಡು ಓರೆಯಾಗಿ ಸರಿಯಿತು. ಕ್ಲಚ್ಚನ್ನು ಹಿಡಿಯಬೇಕೆಂಬ ಬುದ್ಧಿ ಕೈಗೆ ತಾನಾಗಿಯೇ ಬಂದುದರಿಂದ ಬದುಕಿದೆನು. ಹಿಂದೆ ಲಾರಿಯೇನಾದರೂ ಇದ್ದಿದ್ದರೆ ಈ ಲೇಖನವನ್ನು ಬರೆಯುತ್ತಿರಲಿಲ್ಲ. ಪಿಸ್ಟನ್ ಜಾಮಾಗಿತ್ತು.

ಹೊಳೆನರಸೀಪುರದಲ್ಲಿ ಜಾವಾದ ಕಾಲದಿಂದಲೂ ಕೆಲಸ ಮಾಡುತ್ತಿದ್ದ ವೃದ್ಧ ಮೆಕ್ಯಾನಿಕ್ಕರು ಸಿಲಿಂಡರನ್ನು ಬಿಚ್ಚಿ, ಪಿಸ್ಟನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಿಸಿಲಿಗೆ ಹಿಡಿದು ನನ್ನ ಕೈಗಿತ್ತರು. ಹೊಗೆ ಹೊರಡುವ ಕಿಂಡಿಗಳತ್ತಣ ಪಾರ್ಶ್ವದಲ್ಲಿ ಮಾತ್ರ, ಉಗುರಿನಿಂದ ಕೆರೆದಂತೆ, ಉದ್ದುದ್ದನೆಯ ಬಿಳಿಯ ಗೀರುಗಳಿದ್ದುವು. ಒಂದು ರಿಂಗು ತನ್ನ ತೋಡಿನಲ್ಲಿಯೇ ಅಂಟಿಕೊಂಡಿತ್ತು. ಪ್ಲಗ್ಗಿನ ತುದಿ ಸುಣ್ಣದಂತೆ ಬೆಳ್ಳಗಿತ್ತು. "ಕಾಫಿಪುಡಿ ಬಣ್ಣ ಇರಬೇಕು ಸ್ವಾಮಿ, ಇದು ಬರೀ ಗಾಳಿ ಕುಡಿದಿದೆ" ಎಂದರು. ಆಮೇಲೆ ಅಟ್ಟದಿಂದ ತರಿಸಿದ ಹಳೆಯ ಸೈಲೆನ್ಸರನ್ನು ತಟ್ಟಿ, "ಇದು ಹೊಗೆ ಹೋಗೋ ದಾರಿ ಮಾತ್ರ ಅಂದ್ಕೊಂಡ್ರಿ. ಇದೂ ಎಂಜಿನ್ನೇ" ಎಂದರು.

ಆ ಮಾತಿನ ಅರ್ಥವನ್ನು ಪೂರ್ತಿಯಾಗಿ ತಿಳಿಯಲು ನನಗೆ ಬಹುಕಾಲ ಹಿಡಿಯಿತು. ಟೂ ಸ್ಟ್ರೋಕ್ ಯಂತ್ರದಲ್ಲಿ ಹೊಗೆ ಹೊರಡುವುದೂ ಹೊಸ ಮಿಶ್ರಣ ಒಳಬರುವುದೂ ಬಹುಮಟ್ಟಿಗೆ ಏಕಕಾಲದಲ್ಲಿ ನಡೆಯುವುವು, ತಡೆಯುವುದಕ್ಕೆ ಕವಾಟಗಳಿಲ್ಲ. ಆದುದರಿಂದ ಒಳಬಂದ ಪೆಟ್ರೋಲಿನ ಒಂದು ಪಾಲು ಉರಿಯದೆಯೇ ಹೊಗೆಯ ಬೆನ್ನುಹತ್ತಿ ಹೊರಟುಬಿಡುವುದು. ಅದನ್ನು ಹಿಂದಕ್ಕೆ ನೂಕಬೇಕಾದದ್ದು ಕೊಳವೆಯೊಳಗಿನ ಒತ್ತಡದ ಅಲೆ. ನಿಮಿಷಕ್ಕೆ 4500 ಸುತ್ತು ತಿರುಗುವ ಯಂತ್ರಕ್ಕೆ ಒಂದು ಸುತ್ತಿಗೆ ದೊರೆಯುವ ಕಾಲ ಸೆಕೆಂಡಿನ ಸಾವಿರ ಭಾಗಗಳಲ್ಲಿ ಹದಿಮೂರಕ್ಕಿಂತ ತುಸು ಹೆಚ್ಚು. ಅದರ ಅರ್ಧಕ್ಕಿಂತಲೂ ಕಡಿಮೆ ಅವಧಿಯಲ್ಲಿ, ಬಿಸಿ ಹೊಗೆಯಲ್ಲಿ ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಿಂದ ಸಾಗುವ ಅಲೆಯು ಕೊಳವೆಯ ತುದಿಯವರೆಗೆ ಹೋಗಿ, ಬಡಿದು, ಮರಳಿ ಕಿಂಡಿ ಮುಚ್ಚುವುದಕ್ಕೆ ಮುನ್ನ ತಲುಪಬೇಕು. ಕೊಳವೆಯ ಉದ್ದ ಒಂದು ಗೇಣು ವ್ಯತ್ಯಾಸವಾದರೂ ಅಲೆ ತಲುಪುವ ವೇಳೆ ತಪ್ಪುವುದು. ಈ ರಹಸ್ಯವನ್ನು ಚೇಂಬರ್ ಪೈಪಿನ ರೂಪದಲ್ಲಿ ಪರಿಪೂರ್ಣತೆಗೆ ತಂದವರು ಪೂರ್ವ ಜರ್ಮನಿಯ ಎಂಜೆಡ್ ಸಂಸ್ಥೆಯ ವಾಲ್ಟರ್ ಕಾಡೆನ್. ಅವರ 125 ಸಿಸಿ ಪಂದ್ಯದ ಯಂತ್ರ 1961ರ ವೇಳೆಗೆ 25 ಅಶ್ವಶಕ್ತಿಯನ್ನು ಕೊಡುತ್ತಿತ್ತು. ಅದೇ ವರ್ಷ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ದೇಶವನ್ನು ತೊರೆದು, ಆ ವಿದ್ಯೆಯನ್ನು ಜಪಾನಿನ ಸುಜುಕಿಗೆ ಒಯ್ದರು. ಚೇಂಬರ್ ಪೈಪು ಕೆಟ್ಟದ್ದೆಂದು ಆದಕಾರಣ ನಾನು ಹೇಳಲಾರೆ. ಅದು ಯಾವ ಯಂತ್ರಕ್ಕಾಗಿ, ಎಷ್ಟು ಸುತ್ತಿಗಾಗಿ ಅಳೆದು ಮಾಡಿದ್ದೋ ಅಲ್ಲಿ ಅದ್ಭುತವಾದದ್ದು. ನಾನು ಕೊಂಡದ್ದು ಯಾವ ಯಂತ್ರಕ್ಕೂ ಅಳೆದು ಮಾಡಿದ್ದಾಗಿರಲಿಲ್ಲ. ಮೇಲಾಗಿ, ಹೊಗೆ ಸಲೀಸಾಗಿ ಹೊರಟು ಯಂತ್ರವು ಹೆಚ್ಚು ಗಾಳಿಯನ್ನು ಸೇದತೊಡಗಿದಾಗ, ಕಾರ್ಬ್ಯುರೇಟರಿನ ಮೇನ್ ಜೆಟ್ಟನ್ನು ದೊಡ್ಡದಾಗಿಸಿ ಪೆಟ್ರೋಲನ್ನೂ ಹೆಚ್ಚಿಸಬೇಕೆಂಬುದನ್ನು ನನಗೆ ಹೇಳಿದವರೂ ಇಲ್ಲ, ನಾನು ಕೇಳಿದ್ದೂ ಇಲ್ಲ. ಪೆಟ್ರೋಲಿನೊಡನೆಯೇ ಆಯಿಲ್ ಬರುವ ಯಂತ್ರದಲ್ಲಿ ಪೆಟ್ರೋಲು ಕಡಿಮೆಯಾದರೆ ಆಯಿಲೂ ಕಡಿಮೆಯಾದಂತೆಯೇ.

ಸಿಲಿಂಡರಿಗೆ ಬೋರಿಂಗ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿದ ಮೇಲೆ, ದೊಡ್ಡ ಜೆಟ್ಟಿನೊಡನೆ ಆ ಪೈಪುಗಳಿಗೆ ಇನ್ನೊಂದು ಅವಕಾಶವನ್ನು ಕೊಟ್ಟೆನು. ಅರಕಲಗೂಡಿನ ಕಡೆಯ ಹೊಲಕ್ಕೆ ಬಿತ್ತನೆ ಆಲೂಗಡ್ಡೆಯ ಮೂಟೆಯನ್ನು ಹಿಂದಕ್ಕೆ ಕಟ್ಟಿಕೊಂಡು ಹೋದ ದಿನ ತೀರ್ಪು ಸಿಕ್ಕಿತು. ಏರಿನಲ್ಲಿ, ಕೆಸರಿನಲ್ಲಿ, ಎತ್ತಿನ ಗಾಡಿಯ ಹಿಂದೆ ಎರಡನೆಯ ಗೇರಿನಲ್ಲಿ ತೆವಳಬೇಕಾದಾಗ ಯಂತ್ರಕ್ಕೆ ಜೀವವೇ ಇರಲಿಲ್ಲ. ಸುತ್ತು ಏರಿದ ಮೇಲಷ್ಟೆ ಅದು ಎಚ್ಚರಗೊಳ್ಳುತ್ತಿತ್ತು. ತಂದೆಯವರು ಅದೇ ಏರಿನಲ್ಲಿ ತಾಯಿಯವರನ್ನೂ ನನ್ನನ್ನೂ ಕೂರಿಸಿಕೊಂಡು ನಿರಾಯಾಸವಾಗಿ ಹತ್ತುತ್ತಿದ್ದುದು ನೆನಪಾಯಿತು. 65 ಮಿ.ಮೀ. ವ್ಯಾಸದ ಸಿಲಿಂಡರಿನಲ್ಲಿ ಪಿಸ್ಟನ್ 75 ಮಿ.ಮೀ. ಸಂಚರಿಸುವ, ನಿಧಾನವಾಗಿ ಎಳೆಯುವುದಕ್ಕೆಂದೇ ಹುಟ್ಟಿದ ಯಂತ್ರವದು.

ಮೂಲ ಕೊಳವೆಯನ್ನು ಬದಲಿಸುವ ಆಸೆ ಬೈಕಿನವರಿಗೆ ಮಾತ್ರವಲ್ಲ. ಹಾಸನದ ಸ್ನೇಹಿತರೊಬ್ಬರು ಇಸುಜು ಎಂಜಿನ್ನಿನ ಕಾಂಟೆಸಾ ಕಾರಿಗೆ ಹೊಗೆಯನ್ನು ಹೊರಕ್ಕೊಯ್ಯುವ ಎರಕದ ಮ್ಯಾನಿಫೋಲ್ಡನ್ನು ತೆಗೆಸಿ, ಕೊಳವೆಗಳನ್ನು ಬಾಗಿಸಿ ಬೆಸೆದ ಹೆಡ್ಡರನ್ನು ಹಾಕಿಸಿದ್ದರು. ಅಮೆರಿಕದಲ್ಲಿ ಅರುವತ್ತರ ದಶಕದ ಭಾರಿ ಕಾರುಗಳ ಒಡೆಯರಿಗೂ ಎರಕವೋ ಹೆಡ್ಡರೋ ಎಂಬ ಇದೇ ಜಿಜ್ಞಾಸೆಯಿದೆ. ಕಾರಿನ ಎಂಜಿನ್ನಿನಲ್ಲಿ ಕವಾಟಗಳಿರುವುದರಿಂದ ಅನಾಹುತ ಇಷ್ಟು ಬೇಗ ಒದಗದು. ಆದರೆ ದಪ್ಪ ಎರಕ ತನ್ನೊಳಗೇ ಅಡಗಿಸಿಕೊಳ್ಳುತ್ತಿದ್ದ ಬಿಸಿಯನ್ನು ತೆಳುವಾದ ಕೊಳವೆ ಬಾನೆಟ್ಟಿನೊಳಗೆ ಚೆಲ್ಲುವುದು. ಸ್ನೇಹಿತರ ಕಾರಿನಲ್ಲಿ ವೈರುಗಳ ಹೊದಿಕೆ ಕರಗಿ, ಗ್ಯಾಸ್ಕೆಟ್ಟು ಎರಡು ಬಾರಿ ಸುಟ್ಟಿತು. ಅವರೂ ಎರಕಕ್ಕೇ ಮರಳಿದರು.

ನಾನು ಹಳೆಯ ಸೈಲೆನ್ಸರುಗಳನ್ನೇ ಸರಿಪಡಿಸಿಕೊಂಡೆನು. ಹಿಂತುದಿಯ ನಟ್ಟನ್ನು ಬಿಚ್ಚಿದರೆ ಒಳಗಿನ ತೂತುತೂತಿನ ಬ್ಯಾಫಲ್ ಹೊರಬರುವುದು. ಅದನ್ನು ಮಾತ್ರ ತೆಂಗಿನ ಮಟ್ಟೆಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ತಟ್ಟಿದರೆ ಕಾರ್ಬನ್ ಹಕ್ಕಳೆ ಹಕ್ಕಳೆಯಾಗಿ ಉದುರುವುದು. ಹೊರಗಿನ ಕವಚವನ್ನು ಬೆಂಕಿಗೆ ಹಿಡಿಯಲಾಗದು, ಕ್ರೋಮು ನೀಲಿಗಟ್ಟುವುದು. ಅದಕ್ಕೆ ಕಾಸ್ಟಿಕ್ ಸೋಡಾ ಬೆರೆಸಿದ ನೀರನ್ನು ತುಂಬಿ ಒಂದು ರಾತ್ರಿ ಇಡಬೇಕು. ನೀರಿಗೆ ಸೋಡಾ ಹಾಕಬೇಕೇ ಹೊರತು ಸೋಡಾಕ್ಕೆ ನೀರು ಸುರಿಯಬಾರದು, ಅಲ್ಯೂಮಿನಿಯಮ್ಮಿಗೆ ಒಂದು ಹನಿಯೂ ತಾಗಬಾರದು. ಮರುದಿನ ಬೆಳಿಗ್ಗೆ ಡಾಂಬರಿನಂತಹ ಕಪ್ಪು ದ್ರವವನ್ನು ಬಗ್ಗಿಸಿ, ಕವಚವನ್ನು ತೂಗಿ ನೋಡಿದಾಗ, ಕಾಲುನೂರು ವರ್ಷದ ಹೊರೆ ಇಳಿದದ್ದು ಕೈಗೇ ತಿಳಿಯಿತು.

ಪೇಟೆಯಲ್ಲಿ ದೊರೆಯುವ ನಕಲಿ ಸೈಲೆನ್ಸರುಗಳ ಹೊರರೂಪ ಮೂಲದಂತೆಯೇ ಇರುವುದು. ಬ್ಯಾಫಲನ್ನು ಹೊರಗೆಳೆದು, ತೂತುಗಳನ್ನೂ ಉದ್ದವನ್ನೂ ಹಳೆಯದರ ಪಕ್ಕದಲ್ಲಿಟ್ಟು ನೋಡದೆ ಕೊಳ್ಳಬೇಡಿರೆಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಬ್ಯಾಫಲನ್ನೇ ತೆಗೆದೆಸೆದು ಸದ್ದು ಮಾಡಿಕೊಂಡು ತಿರುಗುವ ಹುಡುಗರಿಗೂ ಹೇಳುತ್ತೇನೆ. ವಾಹನದ ಮಾರ್ಪಾಡನ್ನು ನಿರ್ಬಂಧಿಸುವ, 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ನಿಗಿಂತ ನನ್ನ ಪಿಸ್ಟನ್ನಿನ ಗೀರುಗಳು ಅವರನ್ನು ಹೆಚ್ಚು ಬೇಗ ಒಪ್ಪಿಸುವುವು. ಆ ಪಿಸ್ಟನ್ನನ್ನು ಅದಕ್ಕಾಗಿಯೇ ಇಟ್ಟುಕೊಂಡಿದ್ದೇನೆ.

ಈಗ ಮೂರು ನಾಲ್ಕು ಸಾವಿರ ಕಿಲೋಮೀಟರಿಗೊಮ್ಮೆ ಬ್ಯಾಫಲ್ಲುಗಳನ್ನು ಬಿಚ್ಚಿ ಸುಡುತ್ತೇನೆ. ಕಳೆದ ಬಾರಿ ಬಲಗಡೆಯ ಕವಚದ ತಳದಲ್ಲಿ ಕಡಲೆಕಾಳಿನಷ್ಟು ತೂತು ಕಂಡಿತು. ಹಿತ್ತಾಳೆಯ ಬೆಸುಗೆ ಹಾಕಿಸಿದ್ದೇನೆ. ಕ್ರೋಮಿನ ನಡುವೆ ಅದು ಹಳದಿಯಾಗಿ ಕಾಣುವುದು, ಇರಲಿ. ಹೇಮಾವತಿಯ ಸೇತುವೆಯನ್ನು ದಾಟುವಾಗಲೇ ಗಾಡಿಯ ಸದ್ದನ್ನು ಗುರುತಿಸಿ, ತಾಯಿಯವರು ಕಾಫಿಗೆ ನೀರಿಡುತ್ತಾರೆ.