ದೂರು ಕೊಡಬೇಕಾದವರೇ ಆರೋಪಿಗಳಾದಾಗ

2023ರ ಜುಲೈ. ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರ ಹೊರಗೆ, ಸುರಿಯುವ ಮಳೆಯಲ್ಲಿ, ಬಾಣಂತಿಯೊಬ್ಬಳು ಹಸುಗೂಸಿನೊಂದಿಗೆ ಗುಡಿಸಲಿನಲ್ಲಿದ್ದಳು. ಸೂತಕ ಕಳೆಯುವ ತನಕ ತಾಯಿ, ಮಗು ಇಬ್ಬರೂ ಹಟ್ಟಿಯೊಳಗೆ ಕಾಲಿಡುವಂತಿರಲಿಲ್ಲ. ಅವಳಿ ಮಕ್ಕಳಲ್ಲಿ ಒಂದು ಮೊದಲೇ ತೀರಿಕೊಂಡಿತ್ತು. ಉಳಿದದ್ದೂ ಥಂಡಿಗೆ ಕಾಯಿಲೆ ಬಿದ್ದು ಹೋಯಿತು. ಮನೆಯವರ ಮೇಲೆ ಪ್ರಕರಣ ದಾಖಲಾಯಿತು. ಅದೇ ವರ್ಷ ಗುಬ್ಬಿ ತಾಲ್ಲೂಕಿನಲ್ಲಿ ಇಂಥದೇ ಗುಡಿಸಲಿನ ಸುದ್ದಿ ಕೇಳಿ ಅಲ್ಲಿನ ನ್ಯಾಯಾಧೀಶರೇ ಹಟ್ಟಿಗೆ ಹೋಗಿ, ಹಿರಿಯರಿಗೆ ಕಾನೂನು ತಿಳಿಹೇಳಿ, ಬಾಣಂತಿಯನ್ನೂ ಮಗುವನ್ನೂ ಮನೆಗೆ ಸೇರಿಸಿದರು. ಒಂದು ಕಡೆ ಕಾನೂನು ಸಾವಿನ ನಂತರ ಬಂತು, ಇನ್ನೊಂದು ಕಡೆ ಮೊದಲೇ ಬಂತು.

ಹಟ್ಟಿಯ ಹೆಸರನ್ನಾಗಲಿ ಮನೆಯವರ ಹೆಸರನ್ನಾಗಲಿ ಇಲ್ಲಿ ಬರೆದಿಲ್ಲ. ನೊಂದ ಮಗುವಿನ ಗುರುತು ಬಯಲಾಗುವ ವಿವರವನ್ನು ಪ್ರಕಟಿಸಬಾರದೆಂದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತದೆ. ಮೀರಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ. ಸತ್ತ ಮಗುವಿನ ಫೋಟೊವನ್ನು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವ ಮುನ್ನ ಇದು ನೆನಪಿರಲಿ.

ಮಕ್ಕಳ ಸಾವಿನ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಠಾಣೆಗೆ ಹೋಗುವವರು ಹೆತ್ತವರು. ಆರೋಪ ಅವರ ಮೇಲೆಯೇ ಇದ್ದರೆ ಹೋಗುವವರು ಯಾರು? ಯಾರು ಬೇಕಾದರೂ ಹೋಗಬಹುದು. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಪಕ್ಕದ ಮನೆಯವರು, ತವರಿನವರು, ಯಾರೇ ಆಗಲಿ. ಕೊಲೆ, ಕ್ರೌರ್ಯದಂಥ ಗಂಭೀರ ಅಪರಾಧಗಳ ಮಾಹಿತಿ ಕೊಡಲು ರಕ್ತಸಂಬಂಧ ಬೇಕಿಲ್ಲ. ಬಾಯಲ್ಲಿ ಹೇಳಿದರೂ ಪೊಲೀಸರು ಬರೆದುಕೊಂಡು, ಓದಿ ಹೇಳಿ, ಸಹಿ ಪಡೆದು, ಎಫ್‌ಐಆರ್ ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು. ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ. ಮಗು ಕುಣಿಗಲ್ ಕಡೆಯದು, ಸತ್ತದ್ದು ತುಮಕೂರಿನ ಜಿಲ್ಲಾಸ್ಪತ್ರೆಯಲ್ಲಿ ಎಂದುಕೊಳ್ಳಿ. "ಇದು ನಮ್ಮ ಸರಹದ್ದಲ್ಲ" ಎಂದು ಯಾವ ಠಾಣೆಯೂ ವಾಪಸ್ ಕಳಿಸುವಂತಿಲ್ಲ. ಝೀರೋ ಎಫ್‌ಐಆರ್ ಹಾಕಿ, ಆಮೇಲೆ ಸಂಬಂಧಪಟ್ಟ ಠಾಣೆಗೆ ವರ್ಗಾಯಿಸಬೇಕು.

ಆದರೆ ದೂರಿನ ಒಕ್ಕಣೆಯ ಬಗ್ಗೆ ಎಚ್ಚರ ಬೇಕು. "ಮಗು ಸತ್ತಿದೆ, ಅನುಮಾನವಿದೆ" ಎಂದಷ್ಟೇ ಹೇಳಿದರೆ ಅದು ಅಸಹಜ ಸಾವಿನ ವರದಿಯಾಗಿ, ಅಂದರೆ ಠಾಣೆಯ ಮಾತಿನಲ್ಲಿ ಯುಡಿಆರ್ ಆಗಿ, ಫೈಲು ಸೇರಿಬಿಡಬಹುದು. ಕಂಡದ್ದನ್ನು ಕಂಡ ಹಾಗೆ ಹೇಳಬೇಕು. "ಸೋಮವಾರ ಸಂಜೆ ನಾನು ಹೋದಾಗ ಮಗುವಿನ ಬೆನ್ನ ಮೇಲೆ ಬಾಸುಂಡೆ ಇತ್ತು, ಕೇಳಿದ್ದಕ್ಕೆ ಮೆಟ್ಟಿಲಿಂದ ಬಿತ್ತು ಅಂದರು, ಆ ಮನೆಗೆ ಮೆಟ್ಟಿಲೇ ಇಲ್ಲ" ಎಂಬಂಥ ಮಾತು ತನಿಖೆಯ ದಿಕ್ಕನ್ನೇ ಬದಲಿಸುತ್ತದೆ. ಗುಡಿಸಲಿನ ವಿಷಯವಾದರೆ ಯಾರು ಹೊರಗಿಟ್ಟರು, ಎಷ್ಟು ದಿನ ಇಟ್ಟರು, ಮಗುವಿಗೆ ಜ್ವರ ಬಂದದ್ದು ಯಾವಾಗ, ಆಸ್ಪತ್ರೆಗೆ ಹೋಗಲು ಬಿಡದವರು ಯಾರು ಎಂಬುದೆಲ್ಲ ಬರಬೇಕು. ತಾಯಿ ಕಾರ್ಡಿನಲ್ಲಿ ಬರೆದ ಮಗುವಿನ ತೂಕ, ಆಶಾ ಕಾರ್ಯಕರ್ತೆ ಮನೆಗೆ ಬಂದುಹೋದ ತಾರೀಕು ಇವೆಲ್ಲ ಮುಂದೆ ಸಾಕ್ಷ್ಯವಾಗಿ ನಿಲ್ಲುತ್ತವೆ.

ಕಲಂ ಯಾವುದೆಂದು ತೀರ್ಮಾನಿಸುವುದು ಪೊಲೀಸರ, ಕೋರ್ಟಿನ ಕೆಲಸ. ಆದರೂ ಸ್ಥೂಲವಾಗಿ ಗೊತ್ತಿರಬೇಕು. 2024ರ ಜುಲೈ 1ರ ನಂತರದ ಕೃತ್ಯಗಳಿಗೆ ಭಾರತೀಯ ನ್ಯಾಯ ಸಂಹಿತೆ ಅನ್ವಯ, ಅದಕ್ಕೂ ಹಿಂದಿನದಕ್ಕೆ ಹಳೆಯ ಐಪಿಸಿ. ಕೊಲೆಗೆ 103ನೇ ಕಲಂ. ಕೊಲ್ಲುವ ಉದ್ದೇಶವಿಲ್ಲದಿದ್ದರೂ ಹೀಗೆ ಮಾಡಿದರೆ ಜೀವ ಹೋದೀತು ಎಂದು ಗೊತ್ತಿದ್ದು ಮಾಡಿದ್ದರೆ 105ರಡಿ ಹತ್ತು ವರ್ಷದವರೆಗೆ ಶಿಕ್ಷೆ. ಬರೀ ನಿರ್ಲಕ್ಷ್ಯವಾದರೆ 106, ಐದು ವರ್ಷದವರೆಗೆ. ಹನ್ನೆರಡು ವರ್ಷದೊಳಗಿನ ಮಗುವನ್ನು ಹೆತ್ತವರೇ ಕೈಬಿಡುವ ಉದ್ದೇಶದಿಂದ ಎಲ್ಲೋ ಬಿಟ್ಟುಹೋದರೆ 93, ಏಳು ವರ್ಷದವರೆಗೆ. ಅದರಿಂದ ಮಗು ಸತ್ತರೆ ಕೊಲೆಯ ವಿಚಾರಣೆಗೂ ಅಡ್ಡಿಯಿಲ್ಲ. ಬಾಲನ್ಯಾಯ ಕಾಯ್ದೆಯ 75ನೇ ಕಲಂ ಪ್ರಕಾರ, ಮಗುವಿನ ಹೊಣೆ ಹೊತ್ತವರು ಹಿಂಸಿಸಿ ಅಥವಾ ಬೇಕೆಂದೇ ಅಲಕ್ಷಿಸಿ ಜೀವಕ್ಕೇ ಅಪಾಯ ತಂದರೆ ಮೂರರಿಂದ ಹತ್ತು ವರ್ಷ ಜೈಲು, ಐದು ಲಕ್ಷ ದಂಡ.

ಗುಡಿಸಲಿಗೆ ಬೇರೆಯೇ ಕಾನೂನಿದೆ. 2020ರ ಜನವರಿಯಲ್ಲಿ ಜಾರಿಗೆ ಬಂದ ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆಯು ಮುಟ್ಟಾದವರನ್ನು, ಗರ್ಭಿಣಿಯರನ್ನು ಬಲವಂತದಿಂದ ಊರ ಹೊರಗಿಡುವುದನ್ನು ಅಪರಾಧಗಳ ಪಟ್ಟಿಯಲ್ಲಿ ಸೇರಿಸಿದೆ. ಶಿಕ್ಷೆ ಒಂದರಿಂದ ಏಳು ವರ್ಷ. ಈ ಕಾಯ್ದೆಯಡಿ ದೂರು ಕೊಡಲು ಯಾರೂ ಸಾಯಬೇಕಿಲ್ಲ. ತುಮಕೂರು ಜಿಲ್ಲೆಯಲ್ಲಿ ಇದನ್ನು ಬಳಸಬೇಕಾದ್ದು ಮಗು ಉಸಿರಾಡುತ್ತಿರುವಾಗಲೇ ಎಂಬುದು ನನ್ನ ಖಚಿತ ಅಭಿಪ್ರಾಯ. 112ಕ್ಕೋ, ಮಕ್ಕಳ ಸಹಾಯವಾಣಿ 1098ಕ್ಕೋ ಒಂದು ಕರೆ ಮಾಡಿದರೆ ಆಯಿತು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಗುಡಿಸಲಿಗೆ ತಳ್ಳಿಸಿಕೊಂಡ ತಾಯಿಯನ್ನೇ "ಮಗು ನೋಡಿಕೊಳ್ಳಲಿಲ್ಲ" ಎಂದು ಕಟಕಟೆಯಲ್ಲಿ ನಿಲ್ಲಿಸಬಾರದು. ಹೊರಗಿಟ್ಟವರು ಬೇರೆ, ಹೊರಗೆ ಬಿದ್ದವಳು ಬೇರೆ. ಆಕೆಯೂ ನೊಂದವಳೇ. ಹೇಳಿಕೆ ಕೊಡುವಾಗ ಗಂಡನ ಮನೆಯವರು ಪಕ್ಕದಲ್ಲಿದ್ದರೆ ಆಕೆ ಬಾಯಿ ಬಿಡುವುದಿಲ್ಲ. ಆದ್ದರಿಂದ ಮ್ಯಾಜಿಸ್ಟ್ರೇಟರ ಮುಂದೆ ನಾಗರಿಕ ಸುರಕ್ಷಾ ಸಂಹಿತೆಯ 183ನೇ ಕಲಂ ಅಡಿ ಹೇಳಿಕೆ ದಾಖಲಿಸುವಂತೆ ಕೇಳಿಕೊಳ್ಳಬಹುದು.

ಕೂಸು ಸತ್ತರೆ ಬೇಗ ಮಣ್ಣು ಮಾಡುವುದು ನಮ್ಮಲ್ಲಿ ರೂಢಿ. ಅನುಮಾನವಿದ್ದರೆ ಮರಣೋತ್ತರ ಪರೀಕ್ಷೆ ಆಗುವವರೆಗೆ ತಡೆಯಲು ಪೊಲೀಸರಿಗೆ ಹೇಳಬೇಕು. ಹೂತಾಗಿದ್ದರೂ ಕಥೆ ಮುಗಿಯಲಿಲ್ಲ. ಮ್ಯಾಜಿಸ್ಟ್ರೇಟ್ ಶವವನ್ನು ಹೊರತೆಗೆಸಿ ಪರೀಕ್ಷೆ ಮಾಡಿಸಬಹುದು. 2012ರ ಏಪ್ರಿಲ್‌ನಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ಮೂರು ತಿಂಗಳ ಹೆಣ್ಣುಮಗುವೊಂದು ಪ್ರಾಣ ಬಿಟ್ಟಾಗ ಇಡೀ ರಾಜ್ಯ ಮರುಗಿತ್ತು. ಹೆಣ್ಣು ಹುಟ್ಟಿತೆಂದು ಹಿಂಸಿಸಿದ ಆರೋಪದ ಮೇಲೆ ತಂದೆಯ ಬಂಧನವಾಗಿತ್ತು. ಮಾತು ಬಾರದ ಕೂಸಿನ ಪರವಾಗಿ ಇಂಥಲ್ಲಿ ಮಾತಾಡುವುದು ಅದರ ಮೈಮೇಲಿನ ಗಾಯ, ಅದನ್ನು ಬರೆದಿಟ್ಟ ವೈದ್ಯರ ದಾಖಲೆ. ನಾಲ್ಕು ಗೋಡೆಯೊಳಗೆ ನಡೆದದ್ದಕ್ಕೆ ಸಾಕ್ಷಿ ಇಲ್ಲವಲ್ಲ ಎಂದು ಕೈಚೆಲ್ಲಬೇಕಿಲ್ಲ. ಮನೆಯವರಿಗೆ ಮಾತ್ರ ಗೊತ್ತಿರುವ ಸಂಗತಿಯನ್ನು ಮನೆಯವರೇ ವಿವರಿಸಬೇಕು ಎನ್ನುತ್ತದೆ ಭಾರತೀಯ ಸಾಕ್ಷ್ಯ ಅಧಿನಿಯಮದ 109ನೇ ಕಲಂ. ಆದರೆ ಆ ಹೊತ್ತಿನಲ್ಲಿ ಮಗು ಯಾರ ಸುಪರ್ದಿನಲ್ಲಿತ್ತು, ಸಾವು ಸಹಜವಲ್ಲ ಎಂಬುದನ್ನು ಮೊದಲು ಸರ್ಕಾರಿ ಅಭಿಯೋಜಕರು ತೋರಿಸಬೇಕು.

ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ತುಮಕೂರಿನ ಎಸ್‌ಪಿಗೆ ಅಂಚೆಯಲ್ಲಿ ಲಿಖಿತವಾಗಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅಫಿಡವಿಟ್ ಸಮೇತ ಅರ್ಜಿ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು ಹದಿನಾಲ್ಕು ದಿನ ಪ್ರಾಥಮಿಕ ವಿಚಾರಣೆ ಮಾಡಲು ಪೊಲೀಸರಿಗೆ ಈಗ ಅವಕಾಶವಿದೆ. ಸಾವನ್ನು ಬರೀ ನಿರ್ಲಕ್ಷ್ಯವೆಂದು ಕಂಡರೆ ಈ ಹದಿನಾಲ್ಕು ದಿನ ಹಾಗೇ ಕಳೆದುಹೋಗಬಹುದು. ದೂರಿನಲ್ಲಿ ಪೂರ್ತಿ ಸಂಗತಿ ಇರಬೇಕೆಂದದ್ದು ಇದಕ್ಕೇ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಯಾರೂ ಹಿಂದೆ ಸರಿಯಬೇಕಿಲ್ಲ. ಹೆಂಗಸರಿಗೂ ಮಕ್ಕಳಿಗೂ ಆದಾಯ ನೋಡದೆ ಕಾನೂನು ನೆರವು ಉಚಿತ. ತುಮಕೂರಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಗುಬ್ಬಿ, ಕುಣಿಗಲ್‌ನಲ್ಲಿ ತಾಲ್ಲೂಕು ಸಮಿತಿಗಳು ನ್ಯಾಯಾಲಯದ ಆವರಣದಲ್ಲೇ ಸಿಗುತ್ತವೆ. ಸಹಾಯವಾಣಿ 15100. ಸಂತ್ರಸ್ತರ ಪರಿಹಾರದ ಅರ್ಜಿಯೂ ಅಲ್ಲಿಗೇ. ತನಿಖೆ ಎಲ್ಲಿಗೆ ಬಂತೆಂದು ತೊಂಬತ್ತು ದಿನದೊಳಗೆ ದೂರುದಾರರಿಗೆ ತಿಳಿಸುವುದು ಪೊಲೀಸರ ಹೊಣೆ. ತಿಳಿಸದಿದ್ದರೆ ಹೋಗಿ ಕೇಳಿ. ಆ ಮನೆಯಲ್ಲಿ ಇನ್ನೂ ಮಕ್ಕಳಿದ್ದರೆ ಅದೇ ದಿನ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಿ. ಆ ಮಕ್ಕಳು ಯಾರ ಬಳಿ ಇರಬೇಕೆಂಬುದನ್ನು ಸಮಿತಿ ತೀರ್ಮಾನಿಸುತ್ತದೆ, ಜಾಮೀನಿನ ಮೇಲೆ ಮನೆಗೆ ಬಂದವರಲ್ಲ.