ವಿಮಾನ ಚಾಲಕನ ಕೆಲಸ: ದಂಡಿನಲ್ಲೋ, ಕಂಪನಿಯಲ್ಲೋ?

ಹೋದ ತಿಂಗಳು ನಮ್ಮ ವಾಚನಾಲಯದ ಹಿರಿಯ ಸದಸ್ಯರೊಬ್ಬರು ಪತ್ರಿಕೆ ಮಡಿಸಿಟ್ಟು ನನ್ನ ಮೇಜಿನ ಬಳಿ ಬಂದು ಕುಳಿತರು. ವಿಶಾಖಪಟ್ಟಣದ ಬಂದರಿನ ಕಡೆ ಒಂದು ಗೋದಾಮಿನಲ್ಲಿ ಅವರು ಗುಮಾಸ್ತರು. ಮಗ ಇಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದಾನೆ. ಅಂದರೆ ನಮ್ಮ ಕಡೆಯ ಪಿ.ಯು.ಸಿ. "ಪೈಲಟ್ ಆಗುತ್ತೇನೆಂದು ಹಟ ಹಿಡಿದಿದ್ದಾನೆ. ಊರಿನ ಜಮೀನು ಮಾರಿ ಫ್ಲೈಯಿಂಗ್ ಸ್ಕೂಲಿಗೆ ಸೇರಿಸಲೇ, ಮಿಲಿಟರಿಗೆ ಕಳಿಸಲೇ, ನೀವೇ ಹೇಳಿ" ಎಂದರು. ನಾನು ಗಿರಣಿಯಲ್ಲಿ ಲೆಕ್ಕ ಬರೆಯುವವನು, ವಿಮಾನ ಹಾರಿಸಿದವನಲ್ಲ. ಆದರೂ ಓದಿ ಕೇಳಿ ತಿಳಿದುದನ್ನು ಅವರಿಗೆ ಹೇಳಿದೆ. ಇದೇ ಪ್ರಶ್ನೆ ವಿಜಯವಾಡದ ಬಂಧುಗಳ ಮನೆಗಳಲ್ಲಿಯೂ ಇದ್ದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹಣದ ಮಾತು. ನಾಗರಿಕ ಚಾಲಕನಾಗಲು ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಬೇಕು. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕು. ೧೮ ವರ್ಷ ತುಂಬಿರಬೇಕು. ೨೦೦ ಗಂಟೆ ಹಾರಿರಬೇಕು. ಹವಾಮಾನ, ದಿಕ್ಕುಗಾಣುವ ವಿದ್ಯೆ, ವಾಯು ಕಾನೂನು ಮೊದಲಾದ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಆ ೨೦೦ ಗಂಟೆಯ ಖರ್ಚು ನಮ್ಮದೇ. ನಲವತ್ತು ಐವತ್ತು ಲಕ್ಷ ರೂಪಾಯಿ ಸುಲಭವಾಗಿ ಆಗುತ್ತದೆ. ದೊಡ್ಡ ವಿಮಾನ ಹತ್ತಲು ಆ ಜಾತಿಯ ವಿಮಾನದ ತರಬೇತಿಗೆ ಮತ್ತೆ ಬೇರೆ ಹಣ. ಐವತ್ತು ಲಕ್ಷ ಸಾಲವೆಂದೂ ನೂರಕ್ಕೆ ವರ್ಷಕ್ಕೆ ಹತ್ತು ಬಡ್ಡಿಯೆಂದೂ ಇಟ್ಟುಕೊಳ್ಳೋಣ. ಅಸಲು ಮುಟ್ಟದೆ ಬರೀ ಬಡ್ಡಿಯೇ ತಿಂಗಳಿಗೆ ೪೧,೬೬೬ ರೂಪಾಯಿ! ಲೈಸೆನ್ಸ್ ಕೈಗೆ ಬಂದ ದಿನವೇ ಕೆಲಸ ಸಿಗುವುದೆಂಬ ಭರವಸೆ ಇಲ್ಲ. ಬಡ್ಡಿ ಮಾತ್ರ ಕಾಯುವುದಿಲ್ಲ.

ವಾಯುಪಡೆಯ ದಾರಿಯಲ್ಲಿ ಶುಲ್ಕವಿಲ್ಲ. ಪಿ.ಯು.ಸಿ. ಆದ ಮೇಲೆ ಎನ್.ಡಿ.ಎ. ಪರೀಕ್ಷೆ, ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವಯಸ್ಸು. ಪದವಿಯ ನಂತರ ಎ.ಎಫ್.ಕ್ಯಾಟ್ ಪರೀಕ್ಷೆ, ೨೦ರಿಂದ ೨೪. ಹುಡುಗಿಯರಿಗೂ ಎರಡು ದಾರಿಯೂ ತೆರೆದಿವೆ. ಹೈದರಾಬಾದಿನ ಬಳಿಯ ದುಂಡಿಗಲ್ ಅಕಾಡೆಮಿಯಲ್ಲಿ ಕಲಿಕೆ. ಮುಂದೆ ಯುದ್ಧವಿಮಾನಕ್ಕೆ ಆಯ್ಕೆಯಾದವರು ನಮ್ಮ ಬೀದರಿನಲ್ಲಿ ಹಾಕ್ ವಿಮಾನ ಹಾರಿಸುತ್ತಾರೆ. ಸಾಗಣೆ ವಿಮಾನದವರು ಯಲಹಂಕದಲ್ಲಿ ಕಲಿಯುತ್ತಾರೆ. ಕಲಿಕೆಯ ಕೊನೆಯ ಹಂತದಲ್ಲಿ ಸರ್ಕಾರವೇ ತಿಂಗಳಿಗೆ ೫೬,೧೦೦ ರೂಪಾಯಿ ಕೊಡುತ್ತದೆ.

ಇಷ್ಟು ಕೇಳಿ ನಮ್ಮ ಹಿರಿಯರು "ಹಾಗಾದರೆ ಮುಗಿಯಿತಲ್ಲ, ಮಿಲಿಟರಿಗೇ ಹೋಗಲಿ" ಎಂದರು. ಮುಗಿಯಲಿಲ್ಲ. ಹಣದ ಬದಲಿಗೆ ಅಲ್ಲಿ ದೇಹವನ್ನು ಅಳೆಯುತ್ತಾರೆ. ಎತ್ತರ ೧೬೨.೫ ಸೆಂಟಿಮೀಟರಿಗೆ ಕಡಿಮೆ ಇರಕೂಡದು. ಕಾಲಿನ ಉದ್ದ ೯೯ರಿಂದ ೧೨೦ರೊಳಗೆ, ತೊಡೆಯ ಉದ್ದ ೬೪ಕ್ಕೆ ಮೀರದಂತೆ ಇರಬೇಕು. ಇಕ್ಕಟ್ಟಾದ ಕಾಕ್‌ಪಿಟ್‌ನಲ್ಲಿ ಕೂರಬೇಕಲ್ಲ. ದೂರದ್ದು ಮಸುಕಾಗಿ ಕನ್ನಡಕ ಹಾಕಿದ ಹುಡುಗನಿಗೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ. ಕಂಪನಿಯ ಕೆಲಸಕ್ಕಾದರೋ, ಕನ್ನಡಕದಿಂದ ದೃಷ್ಟಿ ಸರಿಹೋದರೆ ಸಾಕು. ಇನ್ನೊಂದು ಮಾತು ಬಹಳ ಜನಕ್ಕೆ ತಿಳಿಯದು: ಕೈ, ಕಣ್ಣು, ಮನಸ್ಸುಗಳ ಹೊಂದಾಣಿಕೆ ನೋಡುವ ಚಾಲಕರ ಆಯ್ಕೆಯ ಯಂತ್ರಪರೀಕ್ಷೆಗೆ ಜನ್ಮದಲ್ಲಿ ಒಂದೇ ಅವಕಾಶ. ಅದರಲ್ಲಿ ಸೋತರೆ ಮತ್ತೆ ಚಾಲಕ ಶಾಖೆಗೆ ಪ್ರವೇಶವಿಲ್ಲ. ಒಳಗೆ ಸೇರಿದ ಮೇಲೂ ಹಾರಾಟದಲ್ಲಿ ಕೈ ಕೂಡದವರನ್ನು ನೆಲದ ಕೆಲಸಕ್ಕೆ ಕಳಿಸುವುದುಂಟು.

ಕೆಲಸದ ಸ್ವರೂಪವೂ ಬೇರೆ. ೨೦೨೪ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಸಿಂಗ್ ನಗರದ ಕಡೆ ಮನೆಗಳು ಮುಳುಗಿದುದನ್ನು ಅಲ್ಲಿಯ ಬಂಧುಗಳು ಮರೆತಿಲ್ಲ. ಆಗ ವಿಶಾಖಪಟ್ಟಣದ ನೌಕಾಪಡೆಯ ಹೆಲಿಕಾಪ್ಟರುಗಳೂ ಹೋಗಿ ಆಹಾರದ ಪೊಟ್ಟಣ ಇಳಿಸಿದುವು. ಹವೆ ಕೆಟ್ಟರೆ ಕಂಪನಿ ತನ್ನ ವಿಮಾನವನ್ನು ರದ್ದು ಮಾಡಬಹುದು. ದಂಡಿನವನಿಗೆ ಹೊರಡುವ ಆಜ್ಞೆ ಬರುವುದೇ ಅಂಥ ದಿನ.

ಅದರ ಬೆಲೆಯೂ ನಮ್ಮೂರಿಗೆ ಗೊತ್ತು. ೨೦೧೬ರ ಜುಲೈ ೨೨ರಂದು ಚೆನ್ನೈ ಬಳಿಯ ತಾಂಬರಂನಿಂದ ಪೋರ್ಟ್ ಬ್ಲೇರಿಗೆ ಹೊರಟ ವಾಯುಪಡೆಯ ಎ.ಎನ್.-೩೨ ವಿಮಾನ ಬಂಗಾಳ ಕೊಲ್ಲಿಯ ಮೇಲೆ ಕಣ್ಮರೆಯಾಯಿತು. ಅದರಲ್ಲಿದ್ದ ೨೯ ಮಂದಿಯಲ್ಲಿ ೮ ಜನ ವಿಶಾಖಪಟ್ಟಣದ ನೌಕಾ ಆಯುಧ ಡಿಪೋದ ಸಿವಿಲ್ ನೌಕರರು. ನಮ್ಮ ನಿಮ್ಮಂತೆ ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಿದ್ದವರು. ಅವಶೇಷ ಸಿಕ್ಕಿದ ಸುದ್ದಿ ಬಂದುದು ೨೦೨೪ರ ಜನವರಿಯಲ್ಲಿ, ೩,೪೦೦ ಮೀಟರ್ ಆಳದಿಂದ. ಏಳೂವರೆ ವರ್ಷ ಆ ಮನೆಗಳು ಕಾದವು. ಮಗನನ್ನು ಕಳಿಸುವ ತಾಯಿಗೆ ಇದನ್ನು ಮುಚ್ಚಿಡಬಾರದು. ಹಾಗೆಂದು ಎಲ್ಲ ಹಾರಾಟವೂ ಹೀಗೆಯೇ ಅಲ್ಲ. ಬೀಚ್ ರಸ್ತೆಯಲ್ಲಿ ಈಗ ಮ್ಯೂಸಿಯಂ ಆಗಿರುವ ಟಿ.ಯು.-೧೪೨ ಜಾತಿಯ ವಿಮಾನಗಳು ೧೯೮೮ರಿಂದ ೨೦೧೭ರ ವರೆಗೆ ನೌಕಾಪಡೆಯಲ್ಲಿ ದುಡಿದವು. ಅಪಘಾತವಿಲ್ಲದೆ ೩೦,೦೦೦ ಗಂಟೆ ಹಾರಿದವು. ಭಾನುವಾರ ಮಕ್ಕಳನ್ನು ಕರೆದೊಯ್ದು ತೋರಿಸಿ.

ಕಂಪನಿಯವನಿಗೆ ಶತ್ರುವಿನ ಭಯವಿಲ್ಲ, ಆದರೆ ಕಂಪನಿಯೇ ಮುಳುಗುವ ಭಯವಿದೆ. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಸೈನ್ಯ ಬಿಟ್ಟು ಬಂದವರು. ೨೦೦೩ರಲ್ಲಿ ಅವರು ತೆಗೆದ ಏರ್ ಡೆಕ್ಕನ್, ವಿಜಯವಾಡದಂಥ ಊರುಗಳಿಗೂ ಕಡಿಮೆ ದರದ ವಿಮಾನ ತಂದಿತು. ಅದು ಕಿಂಗ್‌ಫಿಷರ್‌ನಲ್ಲಿ ಸೇರಿಹೋಯಿತು. ಕಿಂಗ್‌ಫಿಷರ್ ೨೦೧೨ರಲ್ಲಿ ನಿಂತಿತು. ೨೦೧೯ರಲ್ಲಿ ಜೆಟ್ ಏರ್‌ವೇಸ್, ೨೦೨೩ರಲ್ಲಿ ಗೋ ಫಸ್ಟ್. ಚಾಲಕರು ಸಂಬಳದ ಬಾಕಿಗಾಗಿ ಅಲೆದರು. ಗಿರಣಿ ಬಾಗಿಲು ಹಾಕಿದಾಗ ಏನಾಗುತ್ತದೆಂದು ನಮಗೆ ಬೇರೆ ಹೇಳಬೇಕೆ?

ಇವೆರಡನ್ನೂ ತೂಗಿ ನಾನು ಕಂಡುಕೊಂಡುದು ಇಷ್ಟು. ದಂಡಿನ ಬಾಗಿಲು ವಯಸ್ಸಿನೊಡನೆ ಮುಚ್ಚುತ್ತದೆ, ಕಂಪನಿಯದು ಮುಚ್ಚುವುದಿಲ್ಲ. ವಾಯುಪಡೆಯಲ್ಲಿ ಅಲ್ಪಾವಧಿ ಸೇವೆಯ ಚಾಲಕ ೧೪ ವರ್ಷಕ್ಕೆ ಹೊರಬರುತ್ತಾನೆ. ಅವನಿಗೆ ಪಿಂಚಣಿಯಿಲ್ಲ, ಅದಕ್ಕೆ ೨೦ ವರ್ಷ ಬೇಕು. ಆದರೆ ಹಾರಿದ ಗಂಟೆಗಳಿರುತ್ತವೆ. ನಾಗರಿಕ ಪರೀಕ್ಷೆಗಳನ್ನು ಬರೆದು ಕಂಪನಿ ಸೇರಿದರೆ ೬೫ರ ವರೆಗೂ ಹಾರಬಹುದು. ಕಂಪನಿಯಲ್ಲಿ ನಲವತ್ತು ಮುಟ್ಟಿದವನು ವಾಯುಪಡೆಗೆ ಸೇರಲಾರ. ಆದುದರಿಂದ ಮನಸ್ಸಿದ್ದರೆ ಮೊದಲು ದಂಡಿನ ಬಾಗಿಲು ತಟ್ಟುವುದೇ ಸರಿ. ಆದರೆ ಪುಕ್ಕಟೆಯಾಗಿ ಹಾರಲು ಕಲಿತು ಓಡಿಬರೋಣವೆಂಬ ಲೆಕ್ಕ ಹಾಕಿದವನು ಹೋಗುವುದೇ ಬೇಡ. ನಡುವೆ ಬಿಡಲು ಸರ್ಕಾರದ ಒಪ್ಪಿಗೆ ಬೇಕು, ಅದು ಬೇಡಿದಾಗಲೆಲ್ಲ ಸಿಗುವುದಿಲ್ಲ.

"ಜಮೀನಿನ ಮಾತು ಸದ್ಯ ಬಿಡಿ ರಾಯರೇ, ಮೊದಲು ಕಣ್ಣಿನ ಡಾಕ್ಟರಲ್ಲಿ ತೋರಿಸಿ" ಎಂದೆ. ಮರುವಾರ ಹುಡುಗನೇ ಬಂದ. "ಅಣ್ಣಾ, ಕಣ್ಣು ಸರಿಯಿದೆಯಂತೆ" ಎಂದು ಹೇಳಿ, ಎನ್.ಡಿ.ಎ. ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳಿವೆಯೇ ಎಂದು ಕೇಳಿದ. ಮೂರು ವರ್ಷದವು ಸಿಕ್ಕಿವೆ. ಎಡಗಡೆಯ ಬೀರುವಿನಲ್ಲಿ ಇಟ್ಟಿದ್ದೇನೆ. ಬೇಕಾದವರು ಸಂಜೆ ಆರರ ಮೇಲೆ ಬಂದು ಇಲ್ಲಿಯೇ ಕುಳಿತು ಓದಬಹುದು.