ತೆಳು ಅಟ್ಟೆಯ ಬೂಟು ಮತ್ತು ಓಟಗಾರನ ಪಾದ

ತೆಳು ಅಟ್ಟೆಯ ಹಗುರ ಬೂಟುಗಳನ್ನು ಹೊಗಳುವವರು ಇಥಿಯೋಪಿಯದ ಅಬೆಬೆ ಬಿಕಿಲ ಅವರನ್ನು ನೆನೆಯುವುದುಂಟು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರು ಬರಿಗಾಲಲ್ಲೇ ಓಡಿ ಮ್ಯಾರಥಾನ್ ಗೆದ್ದರು. 1964ರಲ್ಲಿ ಟೋಕಿಯೊದಲ್ಲಿ ಬೂಟು ತೊಟ್ಟೂ ಗೆದ್ದರೆಂಬುದನ್ನು ಮಾತ್ರ ಬರಿಗಾಲಿನ ಭಕ್ತರು ಹೇಳುವುದು ಕಡಿಮೆ!

ಈ ಬೂಟಿನ ತತ್ತ್ವ ಸರಳವಾದುದು. ದಪ್ಪ ಮೆತ್ತೆಯ ಬೂಟಿನಲ್ಲಿ ಓಡುವವರಲ್ಲಿ ಬಹುಮಂದಿ ಮೊದಲು ಹಿಮ್ಮಡಿಯನ್ನೂರುತ್ತಾರೆ. ಮೆತ್ತೆಯಿಲ್ಲದಿದ್ದಲ್ಲಿ ಹಿಮ್ಮಡಿ ನೋಯುವುದರಿಂದ ಹೆಜ್ಜೆ ಕಿರಿದಾಗಿ, ಪಾದದ ಮುಂಭಾಗ ಮೊದಲು ನೆಲ ಮುಟ್ಟುವ ಸಂಭವ ಹೆಚ್ಚು. ಆಗ ಮೊಣಕಾಲಿನ ಹೊರೆ ಇಳಿಯುತ್ತದೆ. ಇಳಿದ ಹೊರೆ ಮಾಯವಾಗುವುದಿಲ್ಲ. ಮೀನಖಂಡ, ಹಿಮ್ಮಡಿಯ ಮೇಲಣ ಸ್ನಾಯುರಜ್ಜು ಹಾಗೂ ಪಾದದ ಎಲುಬುಗಳು ಅದನ್ನು ಹೊರಬೇಕಾಗುತ್ತದೆ. 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, 10 ವಾರಗಳಲ್ಲಿ ಕ್ರಮೇಣ ಇಂಥ ಬೂಟಿಗೆ ಬದಲಾದವರಲ್ಲಿಯೂ ಹಲವರ ಪಾದದ ಎಲುಬಿನ ಮಜ್ಜೆಯಲ್ಲಿ ಊತ ಕಂಡುಬಂದಿತು.

ಆದುದರಿಂದ, ವಾರವೆಲ್ಲ ಕಚೇರಿಯ ಕುರ್ಚಿಯಲ್ಲಿಯೂ ಲೋಕಲ್ ರೈಲಿನಲ್ಲಿಯೂ ಕಳೆದು ಭಾನುವಾರ ಮಾತ್ರ ಮುಂಬಯಿಯ ಮರೀನ್ ಡ್ರೈವ್‌ನಲ್ಲಿ ಓಡುವವರು ಅವಸರಿಸಲಾಗದು. ಮೊದಲು ಮನೆಯೊಳಗೆ ಬರಿಗಾಲ ನಡಿಗೆ, ಬಳಿಕ ಹೊಸ ಬೂಟಿನಲ್ಲಿ ನಡಿಗೆ, ಆಮೇಲೆ ಹಳೆಯ ಬೂಟಿನ ಓಟದ ಕೊನೆಗೆ ಐದೇ ನಿಮಿಷ ಹೊಸದರಲ್ಲಿ ಓಟ. ಹೀಗೆ ಹಲವು ತಿಂಗಳುಗಳೇ ಹಿಡಿದರೂ ನಷ್ಟವಿಲ್ಲ. ಮೀನಖಂಡ ಒಂದೆರಡು ದಿನ ನೋಯುವುದು ಸಹಜ. ಪಾದದ ಮೇಲ್ಭಾಗದಲ್ಲಿ ಬೆರಳಿಟ್ಟೊಡನೆ ಒಂದೇ ಜಾಗದಲ್ಲಿ ನೋವೆದ್ದರೆ ಎಲುಬು ಬಿರುಕುಬಿಟ್ಟಿರಬಹುದು. ಓಟ ನಿಲ್ಲಿಸಿ ಮೂಳೆವೈದ್ಯರನ್ನು ಕಾಣತಕ್ಕದ್ದು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗಂತೂ ಈ ಬೂಟು ಸಲ್ಲದು.